ಪ್ರೀತಿ ಹೇಳಿಕೊಳ್ಳೋಕೆ ಇಂಗ್ಲಿಷಿನಲ್ಲಿ ಯಾವ ನುಡಿಗಟ್ಟು ಬಳಸಬಹುದು?

ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಗೆ ಇಂಗ್ಲಿಷಿನಲ್ಲಿ ಮನಸ್ಸಿನ ಮಾತು ಹೇಳಬೇಕು, ‘ಐ ಲವ್ ಯು’ ಬಿಟ್ಟು ಬೇರೆ ನುಡಿಗಟ್ಟು ಬೇಕು ಅಂತ ಕೇಳಿದ್ದೀರಿ. ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಜಾಸ್ತಿ ಪಾಲು ಪ್ರೀತಿಸಿದವರ ಮುಂದೆ ಆಡುವ ಮಾತುಗಳಲ್ಲ, ಗೆಳೆಯರ ಹತ್ತಿರ ಅವರ ಬಗ್ಗೆ ಆಡುವ ಮಾತುಗಳು. ಪಟ್ಟಿ ನೋಡಿ ಬಾಯಿಪಾಠ ಮಾಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅವರಿಗೇ ನೇರವಾಗಿ ಹೇಳೋಕೆ ನನಗೆ ತುಂಬಾ ಇಷ್ಟವಾದದ್ದು ‘ಐ ಥಿಂಕ್ ಐ ಆ್ಯಮ್ ಫಾಲಿಂಗ್ ಫಾರ್ ಯು’. ನಿಮ್ಮ ಕಡೆ ಮನಸ್ಸು ವಾಲುತ್ತಿದೆ ಅಂತ. ‘ಫಾಲಿಂಗ್’ ಅಂದಾಗ ಅದು ಇನ್ನೂ ನಡೆಯುತ್ತಾ ಇದೆ, ಮುಗಿದ ಮಾತಲ್ಲ. ‘ಐ ಥಿಂಕ್’ ಸೇರಿದರೆ ಮತ್ತಷ್ಟು ಮೆತ್ತಗಾಗುತ್ತದೆ. ಕೇಳಿದವರು ನಿಂತಲ್ಲೇ ಹೌದು, ಇಲ್ಲ ಅನ್ನಬೇಕಿಲ್ಲ. ಒಂದು ಎಚ್ಚರಿಕೆ: ‘ಐ ಫೆಲ್ ಫಾರ್ ಹಿಸ್ ಟ್ರಿಕ್’ ಅಂದರೆ ಅವನ ಮಾತಿಗೆ ಮೋಸ ಹೋದೆ ಅಂತ. ಹಾಗಾಗಿ ‘ಫಾರ್’ ಆದಮೇಲೆ ಏನು ಬರುತ್ತದೆ ನೋಡಿಕೊಳ್ಳಿ.

‘ಹೆಡ್ ಓವರ್ ಹೀಲ್ಸ್ ಇನ್ ಲವ್’ ಅಂದರೆ ಪ್ರೀತಿಯಲ್ಲಿ ಪೂರ್ತಿ ಮುಳುಗಿಹೋಗಿರೋದು, ಇದಕ್ಕಿಂತ ಬಹಳ ಜೋರು. ಹಳೆಯ ರೂಪ ‘ಹೀಲ್ಸ್ ಓವರ್ ಹೆಡ್’, ಅಂದರೆ ತಲೆಕೆಳಗಾಗಿ ಬೀಳೋದು. ಮುಂದೆ ಪದಗಳು ಅದಲುಬದಲಾದವು. ಸುಮ್ನೆ ಪರಿಚಯ ಇರುವವರಿಗೆ ಇದನ್ನು ಹೇಳಿದರೆ ಗಾಬರಿಯಾಗುತ್ತಾರೆ. ಇಬ್ಬರ ಮನಸ್ಸೂ ಕೂಡಿದ ಮೇಲೆ ಹೇಳಿ, ಆಗ ಚೆಂದ.

‘ಐ ಹ್ಯಾವ್ ಎ ಕ್ರಶ್ ಆನ್ ಹರ್’ ಗೆಳೆಯನ ಹತ್ತಿರ ಆಡುವ ಮಾತು, ಅದೂ ಹಗುರವಾದದ್ದು. ನಿಮ್ಮದು ಗಂಭೀರವಾಗಿದ್ದರೆ ಬಳಸಬೇಡಿ. ‘ಕ್ಯಾರಿ ಎ ಟಾರ್ಚ್ ಫಾರ್’ ಅಂದರೆ ಆ ಕಡೆಯಿಂದ ಉತ್ತರ ಸಿಗದಿದ್ದರೂ ಪ್ರೀತಿಸುತ್ತಲೇ ಇರೋದು. ‘ಓಲ್ಡ್ ಫ್ಲೇಮ್’ ಹಳೆಯ ಪ್ರೇಮಿ. ‘ಪಾಪ್ ದ ಕ್ವೆಶ್ಚನ್’ ಮದುವೆಯಾಗ್ತೀಯಾ ಅಂತ ಕೇಳೋದು, ‘ಟೈ ದ ನಾಟ್’ ಮದುವೆಯಾಗೋದು. ಇವೆಲ್ಲ ಸುದ್ದಿ ಹೇಳುವಾಗ ಬರುತ್ತವೆ.

‘ಆ್ಯಪಲ್ ಆಫ್ ಮೈ ಐ’ ಅನ್ನೋದನ್ನು ಎಲ್ಲ ಪಟ್ಟಿಗಳಲ್ಲೂ ಪ್ರೇಮದ ಸಾಲಿಗೆ ಸೇರಿಸುತ್ತಾರೆ. ನನಗಿದು ಸರಿ ಕಾಣುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಣ್ಣಿನ ಪಾಪೆಗೆ ಸೇಬು ಅನ್ನುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ದೇವರು ತನ್ನ ಜನರನ್ನು ಕಾಪಾಡಿದ ಬಗ್ಗೆ ಹೇಳುವಾಗ ಈ ಮಾತು ಬರುತ್ತದೆ. ಈಗಲೂ ಇಂಗ್ಲಿಷ್ ಮನೆಮಾತಾಗಿರುವವರು ಇದನ್ನು ಹೆಚ್ಚಾಗಿ ಮಗಳಿಗೋ ಮೊಮ್ಮಗನಿಗೋ ಹೇಳುತ್ತಾರೆ, ನಾವು ಕಣ್ಮಣಿ ಅನ್ನೋ ಹಾಗೆ. ಸಹೋದ್ಯೋಗಿಗೆ ಹೇಳುವಂಥದ್ದಲ್ಲ, ಅಲ್ವಾ?

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ಮೆಸೇಜಿನಲ್ಲಿ ನುಡಿಗಟ್ಟೇ ಹಾಕುತ್ತಿರಲಿಲ್ಲ. ‘ಐ ರಿಯಲಿ ಲೈಕ್ ಸ್ಪೆಂಡಿಂಗ್ ಟೈಮ್ ವಿತ್ ಯು. ವುಡ್ ಯು ಲೈಕ್ ಟು ಗೆಟ್ ಕಾಫಿ ದಿಸ್ ವೀಕೆಂಡ್?’ ಅಂತ ಬರೆಯಿರಿ. ಅವರು ಬರುತ್ತೇನೆ ಅಂದು, ನಾಲ್ಕು ಸಲ ಮಾತುಕತೆ ಆದಮೇಲೆ ‘ಫಾಲಿಂಗ್ ಫಾರ್ ಯು’ ಅನ್ನಬಹುದು. ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡಿ, ದಿನಾ ಒಂದೇ ಆಫೀಸಿನಲ್ಲಿ ಮುಖ ನೋಡಬೇಕಾದವರು ನೀವಿಬ್ಬರೂ.