ಡೆಲಮ್ಸ್ ಮಸೂದೆ ಗೆದ್ದಿತೋ, ಸೋತಿತೋ?

ಅಮೆರಿಕದ ಸಂಸದರಾಗಿದ್ದ ರಾನ್ ಡೆಲಮ್ಸ್ ಅವರ, ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧದ ಮಸೂದೆ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಪಾಸಾದರೂ ಕಾನೂನು ಅವರದ್ದಲ್ಲ ಅನ್ನುತ್ತಾರಲ್ಲ, ಏಕೆ ಎಂದು ಕೇಳಿದ್ದೀರಿ. ಎರಡೂ ಮಾತು ನಿಜ.

ಕ್ಯಾಲಿಫೋರ್ನಿಯಾದ ಓಕ್ಲೆಂಡ್-ಬರ್ಕ್ಲಿ ಕಡೆಯಿಂದ ಗೆದ್ದು 1971ರಲ್ಲಿ ಸಂಸತ್ತಿಗೆ ಬಂದ ಡೆಲಮ್ಸ್, ಮರುವರ್ಷದಿಂದಲೇ ದಕ್ಷಿಣ ಆಫ್ರಿಕಾ ವಿರುದ್ಧ ನಿರ್ಬಂಧಕ್ಕೆ ಪಟ್ಟು ಹಿಡಿದರು. 1986ರ ಜೂನ್‌ನಲ್ಲಿ ಪೂರ್ಣ ವ್ಯಾಪಾರ ನಿಷೇಧ ಹೇರುವ, ಅಮೆರಿಕದ ಕಂಪನಿಗಳು ಅಲ್ಲಿಂದ ಹೊರಬರಲೇಬೇಕೆನ್ನುವ ಅವರ ಪಠ್ಯ ಧ್ವನಿಮತದಲ್ಲಿ ಪಾಸಾಯಿತು. ವಿರೋಧಿಗಳು ಮತ ಎಣಿಕೆಯನ್ನೇ ಕೇಳಲಿಲ್ಲ. ಇಷ್ಟು ಕಠಿಣವಾದದ್ದು ಮುಂದೆ ತಾನಾಗಿ ಬಿದ್ದುಹೋಗುತ್ತದೆಂಬ ಲೆಕ್ಕಾಚಾರ ಅವರದು.

ಮೇಲ್ಮನೆಯಾದ ಸೆನೆಟ್ ತನ್ನದೇ ಮೆದು ಮಸೂದೆ ಮಾಡಿತು: ಹೊಸ ಹೂಡಿಕೆ ಬಂದ್, ಕಲ್ಲಿದ್ದಲು, ಯುರೇನಿಯಂ, ಉಕ್ಕು, ಜವಳಿ ಆಮದು ಬಂದ್, ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ಇಳಿಯುವ ಹಕ್ಕಿಲ್ಲ. ಎರಡು ಮಸೂದೆ ಹೊಂದಿಸುತ್ತ ಕೂತರೆ ಕಾಲ ಮೀರುತ್ತಿತ್ತು, ಹಾಗಾಗಿ ಕೆಳಮನೆ ಸೆನೆಟ್‌ನ ಮಸೂದೆಯನ್ನೇ ಒಪ್ಪಿತು. ಅಧ್ಯಕ್ಷ ರೇಗನ್ ವೀಟೊ ಹಾಕಿ ಅದನ್ನು ತಡೆದರು. ವೀಟೊ ಮುರಿಯಲು ಎರಡೂ ಮನೆಗಳಲ್ಲಿ ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಬೇಕು. ಕೆಳಮನೆಯಲ್ಲಿ 313-83, ಅಕ್ಟೋಬರ್ 2ರಂದು ಸೆನೆಟ್‌ನಲ್ಲಿ 78-21 ಮತಗಳಿಂದ ವೀಟೊ ಮುರಿದು, ಸೆನೆಟ್‌ನ ಮಸೂದೆಯೇ ಕಾನೂನಾಯಿತು. ರೇಗನ್ ಅವರ ಸ್ವಂತ ಪಕ್ಷದವರೇ ಹಲವರು ವಿರುದ್ಧ ನಿಂತರು.

ಆ ಜೂನ್ ತಿಂಗಳ ಧ್ವನಿಮತ ಇರದಿದ್ದರೆ ಸೆನೆಟ್‌ನ ಮಸೂದೆ ಇನ್ನೂ ತೆಳುವಾಗಿರುತ್ತಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.