ಹಳೆಯ ಮನೆ ಕೊಳ್ಳುವ ಮುಂಚೆ ವಯರಿಂಗ್ ನೋಡಿಸಬೇಕಾ?

ಮೈಸೂರಿನಲ್ಲಿ ಸುಮಾರು 40 ವರ್ಷ ಹಳೆಯ ಮನೆ ನೋಡಿದ್ದೀರಿ, ಸ್ವಿಚ್‌ಬೋರ್ಡ್ ಎಲ್ಲ ಹೊಸದು, ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಕೂಡ ಇದೆ, ಆದರೂ ವಯರಿಂಗ್ ಚೆಕ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಿ, ಅಡ್ವಾನ್ಸ್ ಕೊಡುವ ಮುಂಚೆಯೇ. ಮನೆ ಮಾರುವಾಗ ಪೇಂಟ್ ಹೊಡೆಸುತ್ತಾರೆ, ಸ್ವಿಚ್ ಬದಲಿಸುತ್ತಾರೆ. ಗೋಡೆಯೊಳಗಿನ ತಂತಿಯ ತಂಟೆಗೆ ಯಾರೂ ಹೋಗುವುದಿಲ್ಲ.

ನಾನು ವಯರಿಂಗ್ ಕೆಲಸ ಮಾಡುವವನು. ಇಂಥ ಮನೆಗೆ ಹೋದರೆ ಮೊದಲು ನೋಡುವುದು ಅರ್ತಿಂಗ್, ಅಂದರೆ ಲೀಕಾದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ಎಷ್ಟೋ ಹಳೆ ಮನೆಗಳಲ್ಲಿ ಎಳೆದಿದ್ದು ಎರಡೇ ತಂತಿ. ಸಾಕೆಟ್ ಹೊಸದಾಯಿತು, ದೊಡ್ಡ ತೂತಿನ ಹಿಂದೆ ಮಾತ್ರ ಏನೂ ಇಲ್ಲ. ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ. ಸಾಕೆಟ್ಟಿನ ಒಳಗೇ ಒಂದು ತುಂಡು ತಂತಿ ಹಾಕಿ ಅರ್ತ್ ಪಿನ್ನನ್ನು ಕರೆಂಟ್ ವಾಪಸ್ ಹೋಗುವ ತಂತಿಗೆ, ಅಂದರೆ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಚೆನ್ನಾಗಿಯೇ ಉರಿಯುತ್ತದೆ, ಅರ್ತ್ ಇದೆ ಅಂತ ನಂಬಿಬಿಡುತ್ತೀರಿ. ಒಂದು ದಿನ ನ್ಯೂಟ್ರಲ್ ಎಲ್ಲೋ ಬಿಟ್ಟುಕೊಂಡರೆ ಫ್ರಿಜ್ಜಿನ ಮೈಗೇ 230 ವೋಲ್ಟ್ ಬರುತ್ತದೆ. ಬಾಗಿಲು ತೆಗೆಯಲು ಹೋದವರ ಗತಿ ಯೋಚಿಸಿ. ಅದಕ್ಕೇ ಸಾಕೆಟ್ ಬಿಚ್ಚಿಸಿ, ಕಣ್ಣಾರೆ ನೋಡಿ. ಮಾಲೀಕರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಎಂಸಿಬಿ ಇದೆಯಲ್ಲ ಅನ್ನುವ ಧೈರ್ಯ ಬೇಡ. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪ್ಸ್ ಎಂಸಿಬಿ ಬೀಳಲು ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು. ಜೀವ ಹೋಗಲು ಒಂದು ಆಂಪ್ಸ್‌ನ ಹತ್ತನೇ ಒಂದು ಭಾಗ ಸಾಕು. ಜೀವ ಉಳಿಸಲು ಬೇಕಾದದ್ದು ಕರೆಂಟ್ ಲೀಕಾದರೆ ತಾನೇ ಬೀಳುವ ಸ್ವಿಚ್, ಅಂದರೆ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ. ಅದರ ಮೇಲೆ ಚಿಕ್ಕ ಟೆಸ್ಟ್ ಬಟನ್ ಇರುತ್ತದೆ, ಒತ್ತಿದ ತಕ್ಷಣ ಬೀಳಬೇಕು. ಆದರೆ ಮೇಲೆ ಹೇಳಿದ ತುಂಡು ತಂತಿ ಇದ್ದರೆ ಫ್ರಿಜ್ಜಿನ ಲೀಕೇಜ್ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗುತ್ತದೆ, ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಎಂಸಿಬಿ ಮೇಲಿನ ನಂಬರನ್ನೂ ಓದಿ. ಪದೇ ಪದೇ ಬೀಳುತ್ತದೆ ಅಂತ ಕೆಲವರು 32 ಆಂಪ್ಸಿನದು ಹಾಕಿಸಿರುತ್ತಾರೆ. ಒಳಗಿರುವುದು 1.5 ಚದರ ಮಿಲಿಮೀಟರ್ ತಂತಿ. ಎಂಸಿಬಿ ಬೀಳುವ ಮುಂಚೆ ತಂತಿ ಸುಡುತ್ತದೆ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ, ಅದನ್ನು 6 ಆಂಪ್ಸ್ ಸಾಕೆಟ್ಟಿಗೆ ಸಿಕ್ಕಿಸಿದ್ದರೆ ಪ್ಲೇಟು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಲ್ಯೂಮಿನಿಯಂ ತಂತಿ ಇದ್ದರಂತೂ ಸ್ಕ್ರೂ ಹತ್ತಿರ ಸಡಿಲವಾಗಿ ಬಿಸಿಯಾಗುತ್ತದೆ.

ಎಲ್ಲಾದರೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಎರಡು ಉಳಿದಿವೆಯಾ? ಒಂದು ನ್ಯೂಟ್ರಲ್‌ಗೆ ಹಾಕಿರಬಹುದು. ಅದು ಹೋದರೆ ಲೈಟ್ ಆರುತ್ತದೆ, ಫೇಸ್ (ಕರೆಂಟ್ ಬರುವ ತಂತಿ) ಮಾತ್ರ ಹಾಗೇ ಇರುತ್ತದೆ. ಕರೆಂಟ್ ಹೋಗಿದೆ ಅಂತ ತಂತಿಗೆ ಕೈ ಹಾಕಿದರೆ ಮುಗೀತು.

ಕರೆಂಟಿಗೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳಲೇಬೇಕು: ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ತೆಗೆಸಿ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಇನ್ನು ತಾರಸಿಯಲ್ಲಿ ಬಟ್ಟೆ ಒಣಹಾಕಲು ಕಟ್ಟಿರುವ ಕಬ್ಬಿಣದ ತಂತಿಗೆ ಲೀಕಾದ ಕರೆಂಟ್ ಬರಬಹುದು, ಅದನ್ನು ಕಿತ್ತು ನೈಲಾನ್ ಹಗ್ಗ ಕಟ್ಟಿ.

ಪರೀಕ್ಷೆಗೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ನನ್ನೇ ಕರೆಸಿ. ಮೆಗ್ಗರ್ (ತಂತಿಯ ಮೇಲಿನ ಇನ್ಸುಲೇಶನ್ ಎಷ್ಟು ಚೆನ್ನಾಗಿದೆ ಅಂತ ಅಳೆಯುವ ಮೀಟರ್) ಇಟ್ಟು ನೋಡಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟಿನ ತಂತಿ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಮಾಡಿಸಲು ದುಡ್ಡು ಸಾಲದಿದ್ದರೆ ಮೊದಲು ಅರ್ತಿಂಗ್, ಆರ್‌ಸಿಸಿಬಿ, ಆಮೇಲೆ ಬಚ್ಚಲು, ಅಡುಗೆಮನೆ. ಆ ಖರ್ಚನ್ನು ಮನೆಯ ಬೆಲೆಯಲ್ಲಿ ಕಡಿಮೆ ಮಾಡಿ ಅಂತ ಧಾರಾಳವಾಗಿ ಕೇಳಿ.