ಒಂದರಲ್ಲಿ ಮೊದಲು, ಇನ್ನೊಂದರಲ್ಲಿ 17: ಎರಡೂ ಸರಿಯೇ

2019ರ ಇನ್ನೋವೇಷನ್ ಇಂಡೆಕ್ಸ್‌ನಲ್ಲಿ ಕರ್ನಾಟಕ ಮೊದಲು, ಅದೇ ವರ್ಷದ ಉದ್ಯಮಸ್ನೇಹಿ ರಾಜ್ಯಗಳ ಪಟ್ಟಿಯಲ್ಲಿ 17ನೆಯದು, ಯಾವುದನ್ನು ನಂಬಬೇಕು ಅಂತ ಕೇಳಿದ್ದೀರಿ. ಎರಡನ್ನೂ ನಂಬಿ ಮಾರಾಯ್ರೆ, ಅಳೆದದ್ದೇ ಬೇರೆ ಬೇರೆ. ನೀತಿ ಆಯೋಗದ ಇಂಡೆಕ್ಸ್ ನೋಡುವುದು ಸಂಶೋಧನೆ, ಪೇಟೆಂಟ್, ಓದಿದ ಜನ ಇಂಥದ್ದನ್ನು. ಅಲ್ಲಿ ಬೆಂಗಳೂರಿನ ತೂಕವೇ ಜಾಸ್ತಿ, ಅಲ್ವಾ? ಇನ್ನೊಂದು ಡಿಪಿಐಐಟಿಯದು, ಅಂದರೆ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯದು. ಆ ಸಲ ಅಂಕ ಬಿದ್ದದ್ದು ಸೌಲಭ್ಯ ಬಳಸಿದ ಉದ್ಯಮಿಗಳ ಅಭಿಪ್ರಾಯದ ಮೇಲೆ. ಕಾಗದದಲ್ಲಿದ್ದದ್ದು ಕೌಂಟರಿನಲ್ಲಿ ಸಿಗದಿದ್ದರೆ ಅಂಕವೂ ಇಲ್ಲ. ನನ್ನ ಗೇರುಬೀಜದ ಶೆಡ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಅದರದ್ದೇ ಪ್ರಿಂಟ್ ಹಿಡಿದು ನಾಲ್ಕು ಸಲ ಅಲೆದಿದ್ದೇನೆ! ಇದೇ ಉದ್ಯಮಸ್ನೇಹಿ ಪಟ್ಟಿಯ 2020ರ ಸುತ್ತಿನಲ್ಲಿ ರ‍್ಯಾಂಕ್ ಬಿಟ್ಟು ರಾಜ್ಯಗಳ ಗುಂಪು ಮಾಡಿದರು. ಕರ್ನಾಟಕ ಎಲ್ಲಕ್ಕಿಂತ ಮೇಲಿನ ಗುಂಪಿನ ಏಳು ರಾಜ್ಯಗಳಲ್ಲಿತ್ತು. ನೀವು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಘಟಕ ಹಾಕುವುದಾದರೆ, ಪಕ್ಕದ ಶೆಡ್ಡಿನವರಿಗೆ ಲೈಸೆನ್ಸ್ ಸಿಗಲು ಎಷ್ಟು ದಿನ ಹಿಡಿಯಿತು ಅಂತ ಮೊದಲು ಕೇಳಿ.